ಅರಗಿನ ಮೇಲೆ ಒತ್ತಿದ ಗುರಾಣಿ: ಒಂದು ಕುಟುಂಬದ ಲಾಂಛನವನ್ನು ಓದಿದ ಪ್ರಕರಣ

ಇದು ಬೆಂಗಳೂರು ಕಂಟೋನ್ಮೆಂಟ್ ಕಡೆಯ ಒಂದು ಆಂಗ್ಲೋ-ಇಂಡಿಯನ್ ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬೀದಿ, ರೆಜಿಮೆಂಟು, ಇಸವಿ ಯಾವುದನ್ನೂ ಹೇಳುವುದಿಲ್ಲ. ಗುರಾಣಿಯ ಮೇಲಿದ್ದ ಒಂದೆರಡು ಚಿತ್ರಗಳನ್ನೂ ಬದಲಿಸಿದ್ದೇನೆ. ಲಾಂಛನವನ್ನು ಇದ್ದ ಹಾಗೇ ಹೇಳಿದರೆ ಮನೆತನದ ಹೆಸರನ್ನೇ ಹೇಳಿದಂತಾಗುತ್ತದೆ. ಓದಿದ ದಾರಿಯನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಮನೆಯಲ್ಲಿರುವುದು ಎಂಬತ್ತು ದಾಟಿದ ಆಂಟಿ ಒಬ್ಬರೇ. ಅವರ ಅಣ್ಣ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಅಣ್ಣನ ಮಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾನೆ. ಅಪ್ಪನ ಸಮಾಧಿ ಕಲ್ಲಿನ ಮೇಲೆ ಮನೆತನದ ಕೋಟ್ ಆಫ್ ಆರ್ಮ್ಸ್, ಅಂದರೆ ಗುರಾಣಿಯ ಲಾಂಛನ, ಕೆತ್ತಿಸಬೇಕು ಅನ್ನುವುದು ಅವನ ಆಸೆ. ಅದಕ್ಕಾಗಿ ಅಡ್ಡಹೆಸರು ಕೊಟ್ಟರೆ ಲಾಂಛನ ಮುದ್ರಿಸಿ ಕಳಿಸುವ ಒಂದು ಅಂಗಡಿಯಿಂದ ಚೌಕಟ್ಟು ಹಾಕಿದ ಹಾಳೆ ತರಿಸಿದ್ದ. ನೀಲಿ ಗುರಾಣಿ, ಅದರ ಮೇಲೆ ಚಿನ್ನದ ಸಿಂಹ, ಮೇಲೊಂದು ಶಿರಸ್ತ್ರಾಣ, ಕೆಳಗೆ ಲ್ಯಾಟಿನ್ ಸಾಲು. ಪಕ್ಕದಲ್ಲೇ ಅರ್ಥವನ್ನೂ ಬರೆದಿತ್ತು: ಸಿಂಹ ಅಂದರೆ ಶೌರ್ಯ, ನೀಲಿ ಅಂದರೆ ನಿಷ್ಠೆ, ಚಿನ್ನ ಅಂದರೆ ಉದಾರ ಮನಸ್ಸು.

ಆಂಟಿಯ ತಗಡಿನ ಡಬ್ಬಿಯಲ್ಲಿ ಬೇರೆಯದೇ ವಸ್ತು ಇತ್ತು. ಗಡಿಯಾರದ ಸರಪಳಿಗೆ ನೇತುಹಾಕುವಂಥ ಒಂದು ಪುಟ್ಟ ಮೊಹರು. ಕೆಂಪು ಕಾರ್ನೀಲಿಯನ್ ಕಲ್ಲಿನಲ್ಲಿ ಗುರಾಣಿಯೊಂದನ್ನು ಕೊರೆದಿದ್ದರು. ಅದರಲ್ಲಿ ಸಿಂಹ ಇರಲಿಲ್ಲ. "ಕಲ್ಲಿನ ಮೇಲೆ ಒಂದು ಸಲ ಕೆತ್ತಿದ್ರೆ ಅಳಿಸೋಕಾಗಲ್ಲ. ಇವೆರಡರಲ್ಲಿ ಯಾವುದು ನಮ್ಮದು, ಮೊದಲು ಅದನ್ನ ನೋಡಿ ಹೇಳು" ಎಂದರು. ಹಳೆಯ ಚರ್ಚ್ ರಿಜಿಸ್ಟರುಗಳನ್ನೂ ಸಮಾಧಿ ಬರಹಗಳನ್ನೂ ಓದುವ ಹವ್ಯಾಸ ನನಗಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಮುಂದೆ ಹೋಗುವ ಮೊದಲು ಲಾಂಛನದ ಅಂಗಾಂಗಗಳ ಪರಿಚಯ ಬೇಕು. ನಮ್ಮ ಕರ್ನಾಟಕ ಸರ್ಕಾರದ ಲಾಂಛನವನ್ನೇ ನೆನಪಿಸಿಕೊಳ್ಳಿ. ನಡುವೆ ಕೆಂಪು ಗುರಾಣಿ, ಅದರ ಮೇಲೆ ಬಿಳಿ ಗಂಡಭೇರುಂಡ. ಗುರಾಣಿಯ ತಲೆಯ ಮೇಲೆ ಅಶೋಕನ ಸಿಂಹಗಳು. ಈ ಜಾಗಕ್ಕೆ ಕ್ರೆಸ್ಟ್ ಅನ್ನುತ್ತಾರೆ. ಎರಡೂ ಪಕ್ಕದಲ್ಲಿ ಗುರಾಣಿಯನ್ನು ಹಿಡಿದು ನಿಂತ ಗಜಕೇಸರಿಗಳು. ಕೆಳಗೆ 'ಸತ್ಯಮೇವ ಜಯತೇ' ಎಂಬ ಧ್ಯೇಯವಾಕ್ಯ. ಗಂಡಭೇರುಂಡ ನಮ್ಮದೇ, ಬಳ್ಳಿಗಾವಿಯ ಕಂಬದ ಮೇಲೆ 11ನೇ ಶತಮಾನದಲ್ಲೇ ನಿಂತಿದೆ. ಆದರೆ ಗುರಾಣಿ, ಕ್ರೆಸ್ಟ್, ಪಕ್ಕದ ಪ್ರಾಣಿಗಳು ಅನ್ನುವ ಈ ಜೋಡಣೆ ಯುರೋಪಿನದು. 1877ರ ದೆಹಲಿ ದರ್ಬಾರಿನ ಹೊತ್ತಿಗೆ ನಮ್ಮ ರಾಜರಿಗೆಲ್ಲ ಈ ಬಗೆಯ ಲಾಂಛನಗಳ ಬಾವುಟ ಮಾಡಿಕೊಟ್ಟವರು ರಾಬರ್ಟ್ ಟೇಲರ್ ಎಂಬ ಬಂಗಾಳ ಸಿವಿಲ್ ಸರ್ವಿಸ್ ಅಧಿಕಾರಿ. ಈ ಜೋಡಣೆಯಲ್ಲಿ ಗುರುತು ಹಿಡಿಯಲು ಮುಖ್ಯವಾದದ್ದು ಗುರಾಣಿ. ಒಂದೇ ಕ್ರೆಸ್ಟನ್ನು ಹತ್ತಾರು ಮನೆತನಗಳು ಬಳಸಿರುವುದುಂಟು. ಇಂಗ್ಲೆಂಡಿನ ಪದ್ಧತಿಯಲ್ಲಿ ಧ್ಯೇಯವಾಕ್ಯವನ್ನು ಬೇಕಾದಾಗ ಬದಲಿಸಿಕೊಳ್ಳಬಹುದು. ಹಾಗಾಗಿ ಅವೆರಡನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ.

ಹಾಳೆಯನ್ನು ಪಕ್ಕಕ್ಕಿಟ್ಟದ್ದು

ಹಾಳೆಯ ವಿಷಯ ಬೇಗ ಮುಗಿಯಿತು. ಇಂಗ್ಲೆಂಡಿನಲ್ಲಿ ಅಡ್ಡಹೆಸರಿಗೆ ಲಾಂಛನ ಅನ್ನುವುದೇ ಇಲ್ಲ. ಲಾಂಛನ ಒಬ್ಬ ವ್ಯಕ್ತಿಗೆ ಸಿಗುತ್ತದೆ, ಅವನ ನಂತರ ಗಂಡು ಸಂತಾನದ ಸಾಲಿನಲ್ಲಿ ಮುಂದುವರಿಯುತ್ತದೆ. ಕೊಡುವುದೂ ದಾಖಲೆ ಇಡುವುದೂ 1484ರಲ್ಲಿ ಶುರುವಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. ಸ್ಕಾಟ್ಲೆಂಡಿನಲ್ಲಿ ಲಾಂಛನಗಳ ಮುಖ್ಯಾಧಿಕಾರಿ ಲಾರ್ಡ್ ಲಯನ್ ಅವರ ನ್ಯಾಯಾಲಯ ಈ ಕೆಲಸ ಮಾಡುತ್ತದೆ; ಅಲ್ಲಿನ ಸಾರ್ವಜನಿಕ ರಿಜಿಸ್ಟರ್ 1672ರ ಕಾಯ್ದೆಯಿಂದ ನಡೆದುಬಂದಿದೆ. ಒಂದೇ ಅಡ್ಡಹೆಸರಿನ ಇಬ್ಬರಿಗೆ ಸಂಬಂಧವೇ ಇಲ್ಲದ ಎರಡು ಲಾಂಛನ ಇರಬಹುದು. ಅದೇ ಹೆಸರಿನ ಸಾವಿರಾರು ಜನರಿಗೆ ಯಾವುದೂ ಇಲ್ಲದಿರಬಹುದು.

ಶಿರಸ್ತ್ರಾಣವೂ ಒಂದು ಸುಳಿವು ಕೊಟ್ಟಿತು. ಹಾಳೆಯಲ್ಲಿದ್ದದ್ದು ಮುಖ ಎದುರಿಗೆ ತಿರುಗಿಸಿದ, ಮುಖಕವಚ ಮೇಲೆತ್ತಿದ ಶಿರಸ್ತ್ರಾಣ. ಇಂಗ್ಲಿಷ್ ಪದ್ಧತಿಯಲ್ಲಿ ಅದು ನೈಟ್ ಅಥವಾ ಬ್ಯಾರೊನೆಟ್ ದರ್ಜೆಯವರಿಗೆ ಸೇರಿದ್ದು. ಸಾಮಾನ್ಯ ಗೃಹಸ್ಥರದ್ದಾದರೆ ಪಕ್ಕಕ್ಕೆ ತಿರುಗಿ, ಮುಚ್ಚಿಕೊಂಡಿರುತ್ತದೆ. ಅದೇ ಅಂಗಡಿಯ ಬೇರೆ ಹೆಸರುಗಳ ಹಾಳೆ ತೆಗೆದು ನೋಡಿದರೆ ಎಲ್ಲದರ ಮೇಲೂ ಇದೇ ಶಿರಸ್ತ್ರಾಣ! ಅಚ್ಚು ಒಂದೇ, ಗುರಾಣಿ ಮಾತ್ರ ಬದಲು.

ಸಿಂಹ ಅಂದರೆ ಶೌರ್ಯ ಎಂಬಂಥ ಅರ್ಥಗಳಿಗೂ ಜಾಸ್ತಿ ಬೆಲೆ ಕೊಡಬೇಕಿಲ್ಲ. ಇವುಗಳಲ್ಲಿ ಹೆಚ್ಚಿನವು ಲಾಂಛನಗಳು ಹುಟ್ಟಿ ಎಷ್ಟೋ ಕಾಲದ ಮೇಲೆ ಬರೆದವರು ಅಂಟಿಸಿದ್ದು. ಬಹಳಷ್ಟು ಗುರಾಣಿಗಳಲ್ಲಿ ಇರುವುದು ಹೆಸರಿನ ಶ್ಲೇಷೆ. 1596ರಲ್ಲಿ ಶೇಕ್ಸ್‌ಪಿಯರ್‌ನ ತಂದೆಗೆ ಸಿಕ್ಕ ಲಾಂಛನದಲ್ಲಿ ಓರೆಯಾದ ಕಪ್ಪು ಪಟ್ಟಿಯ ಮೇಲೆ ಒಂದು ಈಟಿ ಇದೆ. ಹೆಸರಿನಲ್ಲಿ 'ಸ್ಪಿಯರ್', ಅಂದರೆ ಈಟಿ ಇತ್ತು, ಗುರಾಣಿಗೂ ಬಂತು, ಅಷ್ಟೆ. ಆ ಮನೆಯವರು ಯುದ್ಧವೀರರು ಎಂದು ಅದರಿಂದ ತೀರ್ಮಾನಿಸಲಾಗದು.

ಪರ್ತ್‌ನ ಹುಡುಗನಿಗೆ ಇದನ್ನೆಲ್ಲ ವೀಡಿಯೊ ಕಾಲ್‌ನಲ್ಲಿ ಹೇಳಿದೆ. ಅವನಿಗೆ ಬೇಜಾರಾಯಿತು. ಆದರೆ ಮೊಹರಿನ ಮೇಲೆ ಅವನ ಆಸೆ ಇನ್ನೂ ದೊಡ್ಡದಾಯಿತು. ಅಪ್ಪ ಬದುಕಿದ್ದಾಗ ತೆಗೆದ ಅದರ ಫೋಟೊ ಅವನ ಬಳಿ ಇತ್ತು. ಯಾವುದೋ ಗುಂಪಿನಲ್ಲಿ ತೋರಿಸಿ ಅರ್ಥವನ್ನೂ ಕೇಳಿಕೊಂಡಿದ್ದ.

ಫೋಟೊ ಹೇಳಿದ್ದು, ಮುದ್ರೆ ಹೇಳಿದ್ದು

ಮೊಹರಿನ ಗುರಾಣಿ ಉದ್ದಕ್ಕೆ ಸೀಳಿ ಎರಡು ಭಾಗವಾಗಿತ್ತು. ಒಂದು ಭಾಗದಲ್ಲಿ ಮೂರು ಗೋಧಿ ಸಿವುಡು. ಇನ್ನೊಂದರಲ್ಲಿ ಮನೆಯ ಮಾಡಿನ ಆಕಾರದ ಪಟ್ಟಿ, ಅಂದರೆ ಶೆವ್ರಾನ್, ಅದರ ಸುತ್ತ ಮೂರು ಹಕ್ಕಿತಲೆ, ಮೇಲ್ಭಾಗದಲ್ಲಿ ಪುಟ್ಟ ಅರ್ಧಚಂದ್ರ. ಹೀಗೆ ಸೀಳಿದ ಗುರಾಣಿ ಸಾಮಾನ್ಯವಾಗಿ ಮದುವೆಯ ಗುರುತು. ಗುರಾಣಿ ಹಿಡಿದವನ ಬಲಗಡೆ, ಅಂದರೆ ನೋಡುವವರ ಎಡಗಡೆ, ಗಂಡನ ಮನೆತನ. ಇನ್ನೊಂದು ಕಡೆ ಹೆಂಡತಿಯ ತಂದೆಯ ಮನೆತನ.

ಕಲ್ಲಿನಲ್ಲಿ ಬಣ್ಣ ತುಂಬಲಾಗದು. ಅದಕ್ಕೇ 17ನೇ ಶತಮಾನದಿಂದ ಗೆರೆಗಳ ಒಂದು ಪದ್ಧತಿ ಬಳಕೆಗೆ ಬಂತು. ಪೆತ್ರಾ ಸಾಂಕ್ತಾ ಎಂಬ ಜೆಸ್ಯೂಟ್ ಪಾದ್ರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಚುಕ್ಕಿ ಇದ್ದರೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ನೆಟ್ಟಗಿನ ಗೆರೆ ಕೆಂಪು, ಅಡ್ಡಗೆರೆ ನೀಲಿ, ಎರಡೂ ಕೂಡಿ ಜಾಳಿಗೆಯಾದರೆ ಕಪ್ಪು. ಓರೆಗೆರೆ ನೋಡುವವರ ಎಡಮೇಲಿಂದ ಬಲಕೆಳಕ್ಕೆ ಇಳಿದರೆ ಹಸಿರು, ಅದರ ಎದುರು ದಿಕ್ಕಿಗೆ ಇಳಿದರೆ ನೇರಳೆ.

ಫೋಟೊ ನೋಡಿದ ಗುಂಪಿನವರು ಸಿವುಡುಗಳ ಹಿನ್ನೆಲೆಯನ್ನು ನೇರಳೆ ಎಂದು ಓದಿದ್ದರು. ನೇರಳೆ ಇಂಗ್ಲಿಷ್ ಗುರಾಣಿಗಳಲ್ಲಿ ತೀರಾ ಅಪರೂಪ. ಹಾಗಾಗಿ ರಾಜರಕ್ತ ಇರಬಹುದು ಎಂದೂ ಹೇಳಿದ್ದರು. ಹಕ್ಕಿತಲೆಯ ಭಾಗ ಫೋಟೊದಲ್ಲಿ ಎಡಗಡೆ ಇತ್ತು, ಆದ್ದರಿಂದ ಅದು ಗಂಡನದು, ಅದೇ ನಮ್ಮ ಮನೆತನ, ರಾಜಮನೆತನದ ಹೆಣ್ಣನ್ನು ತಂದವರು ನಮ್ಮವರು. ಹುಡುಗ ಈ ಕಥೆಯನ್ನು ಪೂರಾ ನಂಬಿದ್ದ.

ಮೊಹರನ್ನು ಓದುವವರು ಮೊಹರನ್ನೇ ನೋಡಬಾರದು. ಅದನ್ನು ಒತ್ತಿದ ಮುದ್ರೆಯನ್ನು ನೋಡಬೇಕು. ಅರಗಿನ ಮೇಲೆ ಸರಿಯಾಗಿ ಮೂಡಲಿ ಎಂದು ಕಲ್ಲಿನಲ್ಲಿ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಕೊರೆದಿರುತ್ತಾರೆ. ಮೊದಲು ಮಕ್ಕಳ ಕ್ಲೇ ಮೇಲೆ ಮೆಲ್ಲಗೆ ಒತ್ತಿ ನೋಡಿದೆವು, ಕಲ್ಲಿನಲ್ಲಿ ಬಿರುಕಿದ್ದರೆ ಕಾಣಲಿ ಎಂದು. ಆಮೇಲೆ ಅರಗು. ಮುದ್ರೆಯ ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದರೆ ಗೆರೆಗಳು ಎದ್ದು ಕಾಣುತ್ತವೆ.

ಮುದ್ರೆಯಲ್ಲಿ ಎಲ್ಲ ಅದಲುಬದಲಾಯಿತು. ಓರೆಗೆರೆಗಳು ಎಡಮೇಲಿಂದ ಬಲಕೆಳಕ್ಕೆ ಇಳಿದವು. ಅಂದರೆ ನೇರಳೆಯಲ್ಲ, ಹಸಿರು. ಹಸಿರು ನೆಲದ ಮೇಲೆ ಚಿನ್ನದ ಸಿವುಡು. ಅದಕ್ಕಿಂತ ದೊಡ್ಡ ಸಂಗತಿ, ಸಿವುಡುಗಳು ಎಡಗಡೆಗೆ ಬಂದವು, ಹಕ್ಕಿತಲೆಗಳು ಬಲಗಡೆಗೆ ಹೋದವು. ಸಿವುಡಿನವನು ಗಂಡ. ಹಕ್ಕಿತಲೆ ಹೆಂಡತಿಯ ತವರು.

ಈಗ ಹಕ್ಕಿತಲೆಯ ಮನೆತನ ಯಾವುದು? ಚಿತ್ರದಿಂದ ಹೆಸರು ಹುಡುಕಲು ಹೆಸರಿನ ಕ್ರಮದಲ್ಲಿರುವ ಪುಸ್ತಕ ಪ್ರಯೋಜನವಿಲ್ಲ. ಚಿತ್ರಗಳ ಕ್ರಮದಲ್ಲೇ ಜೋಡಿಸಿದ ಪಟ್ಟಿ ಬೇಕು. ಬ್ರಿಟಿಷ್ ಲಾಂಛನಗಳಿಗೆ 1874ರಲ್ಲಿ ಬಂದ ಪ್ಯಾಪ್‌ವರ್ತ್ ಅವರ ಪಟ್ಟಿ ಅಂಥದ್ದು. ಶೆವ್ರಾನ್, ಸುತ್ತ ಮೂರು ಹಕ್ಕಿತಲೆ ಎಂದು ಹುಡುಕಿದರೆ ಹೆಸರುಗಳ ಒಂದು ಸಾಲೇ ಬರುತ್ತದೆ. ಬೆಳ್ಳಿ ನೆಲ, ಕೆಂಪು ಪಟ್ಟಿ, ಕಪ್ಪು ತಲೆ ಎಂದು ಗೆರೆಗಳಿಂದ ಬಣ್ಣ ಸೇರಿಸುತ್ತಾ ಹೋದ ಹಾಗೆ ಸಾಲು ಕಿರಿದಾಯಿತು. ಉಳಿದ ಕೆಲವೇ ಹೆಸರುಗಳಲ್ಲಿ ಒಂದು ಆಂಟಿಯ ಮನೆತನದ ಹೆಸರೇ. ಆ ಹೆಸರಿಗೂ ಆ ಹಕ್ಕಿಗೂ ಶ್ಲೇಷೆಯ ನಂಟೂ ಇತ್ತು.

ಅಲ್ಲಿಗೆ ಒಂದು ತೊಡಕು. ಆಂಟಿಯ ಮನೆತನ ಗುರಾಣಿಯಲ್ಲಿ ಹೆಣ್ಣಿನ ಕಡೆ ಕೂತಿದೆ. ಅಂದರೆ ಈ ಮೊಹರು ಬೇರೆ ಹೆಸರಿನ ಅಳಿಯನೊಬ್ಬನದು. ಅಳಿಯನ ಮೊಹರು ಈ ಮನೆಗೆ ಬಂದದ್ದು ಹೇಗೆ?

ಗುರಾಣಿಯೇ ತೋರಿಸಿದ ಅಣ್ಣ

ಈ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಘಟ್ಟ ಇದು. ಗಂಡ-ಹೆಂಡತಿಯ ಲಾಂಛನವನ್ನು ಪಕ್ಕಪಕ್ಕ ಇಡುವುದು ಒಂದು ಕ್ರಮ. ಹೆಂಡತಿಗೆ ಅಣ್ಣತಮ್ಮಂದಿರಿಲ್ಲದೆ, ತಂದೆ ತೀರಿಕೊಂಡು, ಅವಳೇ ವಾರಸುದಾರಳಾದರೆ ಕ್ರಮ ಬೇರೆ. ಆಗ ಅವಳ ಲಾಂಛನ ಗಂಡನ ಗುರಾಣಿಯ ನಟ್ಟನಡುವೆ ಒಂದು ಪುಟ್ಟ ಗುರಾಣಿಯಾಗಿ ಕೂರುತ್ತದೆ. ಇಲ್ಲಿ ಹಾಗಿರಲಿಲ್ಲ. ಆದ್ದರಿಂದ ಮೊಹರು ಮಾಡಿಸಿದಾಗ ಅವಳ ತಂದೆ ಬದುಕಿದ್ದಿರಬೇಕು, ಇಲ್ಲವೇ ಅವಳಿಗೆ ಅಣ್ಣನೋ ತಮ್ಮನೋ ಇದ್ದಿರಬೇಕು. ಅರ್ಧಚಂದ್ರ ಇನ್ನೊಂದು ಸುಳಿವು. ಅದು ಎರಡನೇ ಮಗನ ಗುರುತು. ಮೂರನೆಯವನಾದರೆ ಐದು ಮೂಲೆಯ ನಕ್ಷತ್ರ, ನಾಲ್ಕನೆಯವನಾದರೆ ಕಾಲಿಲ್ಲದ ಪುಟ್ಟ ಹಕ್ಕಿ. ಹಾಗಾದರೆ ಈಕೆ ಎರಡನೇ ಮಗನ ಸಾಲಿಗೆ ಸೇರಿದವಳು. ದೊಡ್ಡ ಮಗನಿಗೆ ಆಸ್ತಿ ಹೋಗುತ್ತಿದ್ದ ಕಾಲದಲ್ಲಿ ಕಿರಿಯ ಮಕ್ಕಳು ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಬರುತ್ತಿದ್ದುದು ಮಾಮೂಲು.

ಹುಡುಕಬೇಕಾದದ್ದು ಏನೆಂದು ಈಗ ಸ್ಪಷ್ಟವಾಯಿತು: ಸಿವುಡಿನ ಮನೆತನದ ಒಬ್ಬ ಗಂಡು, ಆಂಟಿಯ ಮನೆತನದ ಒಬ್ಬ ಹೆಣ್ಣು, ಅವಳಿಗೊಬ್ಬ ಸಹೋದರ. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಇದ್ದದ್ದು ಮದ್ರಾಸ್ ಸೇನೆ. ಇಲ್ಲಿನ ಚರ್ಚುಗಳ ನಾಮಕರಣ, ಮದುವೆ, ಸಾವಿನ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯವರ ಸೂಚಿಯಲ್ಲಿ ಹೆಸರು ಹುಡುಕುವುದು ಉಚಿತ. ಗುರಾಣಿಯ ಎರಡೂ ಭಾಗಗಳ ಮನೆತನದ ಹೆಸರು ಕೈಯಲ್ಲಿದ್ದದ್ದರಿಂದ ಕೆಲಸ ಹಗುರಾಯಿತು. ಮದುವೆಯ ನಮೂದು ಸಿಕ್ಕಿತು. ಸಾಕ್ಷಿಗಳಲ್ಲೊಬ್ಬ, ಮದುಮಗಳ ಅಡ್ಡಹೆಸರೇ ಇದ್ದ ಸೇನಾಧಿಕಾರಿ.

ಆಮೇಲೆ ಅವನ ಹೆಸರಿನಲ್ಲಿ ಮಗುವೊಂದರ ನಾಮಕರಣ ಸಿಕ್ಕಿತು. ಆ ಮಗುವಿನಿಂದ ಆಂಟಿಯವರೆಗಿನ ಸಾಲನ್ನು ಮನೆಯ ಬೈಬಲ್ಲಿನಲ್ಲಿ ಮೊದಲೇ ಬರೆದಿಟ್ಟಿದ್ದರು. ಆದರೆ ನಾಮಕರಣದ ನಮೂದಿನಲ್ಲಿ ತಂದೆಯ ಹೆಸರಿತ್ತು, ತಾಯಿಯ ಹೆಸರಿರಲಿಲ್ಲ. ಆ ಕಾಲದ ರಿಜಿಸ್ಟರುಗಳಲ್ಲಿ ಇಂಥ ಖಾಲಿ ಜಾಗಗಳು ಬಹಳ. ಭಾರತದ ಹೆಂಗಸು ಎಂದಷ್ಟೇ ಬರೆದು, ಅಥವಾ ಅದನ್ನೂ ಬರೆಯದೆ ಮುಂದೆ ಹೋಗಿದ್ದಾರೆ. ಓದುವಾಗ ಪ್ರತಿ ಸಲವೂ ನನಗೆ ಕಸಿವಿಸಿಯಾಗುತ್ತದೆ. ಮಗು ಹೆತ್ತವಳು ಆಕೆ, ಅಲ್ವಾ?

ಅಲ್ಲಿಗೇ ನಿಲ್ಲಿಸಬಹುದಿತ್ತು. ಆಂಟಿ ನಿಲ್ಲಿಸಲು ಬಿಡಲಿಲ್ಲ. "ಅವಳ ಹೆಸರು ಎಲ್ಲಾದ್ರೂ ಇರಬೇಕು. ಇನ್ನೂ ಸ್ವಲ್ಪ ನೋಡು" ಎಂದರು. ಕಂಪನಿಯ ನೌಕರರ ಉಯಿಲುಗಳೂ ಅದೇ ದಾಖಲೆಗಳ ರಾಶಿಯಲ್ಲಿವೆ. ಮದುವೆಯಾಗದೆ ಜೊತೆಗಿದ್ದ ಹೆಂಗಸರಿಗೂ ಅವರ ಮಕ್ಕಳಿಗೂ ಉಯಿಲಿನಲ್ಲಿ ಹಣ ಬರೆದಿಟ್ಟ ಅಧಿಕಾರಿಗಳು ಎಷ್ಟೋ ಮಂದಿ. ಇವನೂ ಬರೆದಿದ್ದ. ಮಗನಿಗೆ ಇಷ್ಟು, ಮಗನ ತಾಯಿಗೆ ತಿಂಗಳಿಗೆ ಇಷ್ಟು, ಮಗನನ್ನು ನನ್ನ ತಂಗಿ ನೋಡಿಕೊಳ್ಳಬೇಕು. ತಾಯಿಯ ಹೆಸರು ಅಲ್ಲಿತ್ತು. ಗುಮಾಸ್ತ ಇಂಗ್ಲಿಷ್ ಅಕ್ಷರದಲ್ಲಿ ಕಿವಿಗೆ ಕೇಳಿದ ಹಾಗೆ ಬರೆದದ್ದರಿಂದ ಕನ್ನಡವೋ ತಮಿಳೋ ತೆಲುಗೋ ಹೇಳುವುದು ಕಷ್ಟ. ಆದರೆ ಹೆಸರು ಇದೆ.

ತಂಗಿ ಅಂದರೆ ಮೊಹರಿನ ಹೆಂಡತಿ. ಅಜ್ಜನ ಅಜ್ಜನನ್ನು ಕಂಟೋನ್ಮೆಂಟಿನಲ್ಲಿ ಅವನ ಅತ್ತೆ ಸಾಕಿದಳಂತೆ ಎಂಬ ಮಾತು ಮೊದಲಿಂದಲೂ ಆಂಟಿಯ ಮನೆಯಲ್ಲಿತ್ತು. ಯಾರೂ ಅದಕ್ಕೆ ಗಮನ ಕೊಟ್ಟಿರಲಿಲ್ಲ. ಅತ್ತೆಯ ಮನೆಯಲ್ಲಿ ಬೆಳೆದ ಹುಡುಗನಿಗೆ ಅವಳ ಗಂಡನ ಮೊಹರು ಸೇರಿತು ಅನ್ನುವುದು ನಮ್ಮ ಊಹೆ. ಅದನ್ನು ಹೇಳುವ ಕಾಗದ ಇಲ್ಲ. ಆದರೆ ಉಳಿದೆಲ್ಲದಕ್ಕೂ ಹೊಂದುವ ಊಹೆ ಅದೊಂದೇ.

ಹಕ್ಕಿನ ಪ್ರಶ್ನೆ

ಹುಡುಗ ಕೇಳಿದ: "ಹಾಗಾದ್ರೆ ಹಕ್ಕಿತಲೆಯ ಭಾಗ ನಮ್ಮದೇ ತಾನೇ? ಅದನ್ನೇ ಕಲ್ಲಿಗೆ ಹಾಕಿಸೋಣ."

ಇದಕ್ಕೆ ಕಾಲೇಜ್ ಆಫ್ ಆರ್ಮ್ಸ್‌ಗೆ ನಾನು ಬರೆದೆ. ಅಲ್ಲಿ ಸರದಿಯ ಮೇಲೆ ಒಬ್ಬ ಅಧಿಕಾರಿ ಹೊರಗಿನವರ ಪ್ರಶ್ನೆಗಳನ್ನು ನೋಡಿಕೊಳ್ಳುತ್ತಾರೆ. ದಾಖಲೆ ಹುಡುಕಿಸಲು ಶುಲ್ಕ ಉಂಟು. ಬಂದ ಉತ್ತರದಲ್ಲಿ ಎರಡು ಸಂಗತಿ ಇದ್ದವು. 1530ರಿಂದ 1688ರವರೆಗೆ ಹೆರಾಲ್ಡರು, ಅಂದರೆ ಲಾಂಛನಗಳ ಅಧಿಕಾರಿಗಳು, ಇಂಗ್ಲೆಂಡಿನ ಕೌಂಟಿಗಳನ್ನು (ಜಿಲ್ಲೆಗಳನ್ನು) ಸುತ್ತಿ ಯಾರಿಗೆ ಲಾಂಛನದ ಹಕ್ಕಿದೆ ಎಂದು ಪರಿಶೀಲಿಸಿ ವಂಶಾವಳಿ ಬರೆದುಕೊಳ್ಳುತ್ತಿದ್ದರು. ಅಂಥ ಒಂದು ಸುತ್ತಾಟದಲ್ಲಿ ಈ ಹಕ್ಕಿತಲೆಯ ಗುರಾಣಿ ಈ ಹೆಸರಿನ ಒಂದು ಮನೆತನಕ್ಕೆ ದಾಖಲಾಗಿದೆ. ಆದರೆ ನಮ್ಮ ಸೇನಾಧಿಕಾರಿಯ ತಂದೆ ಆ ಮನೆತನದಿಂದ ಇಳಿದವನು ಎಂದು ತೋರಿಸುವ ನಮೂದಿಲ್ಲ. ಅದೇ ಹೆಸರಿನ ಬೇರೆ ಮನೆಯ ಲಾಂಛನವನ್ನು ತಮ್ಮದೆಂದು ಬಳಸಿದವರು ಆಗಲೂ ಇದ್ದರು. ಈಗಿನ ಅಂಗಡಿಯ ಕೆಲಸವನ್ನು ಆಗ ಮೊಹರು ಕೊರೆಯುವವರು ಮಾಡುತ್ತಿದ್ದರು.

ಎರಡನೆಯದು ಹೇಳಲು ಕಷ್ಟವಾದದ್ದು. ಇಂಗ್ಲಿಷ್ ಕಾನೂನಿನಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗನಿಗೆ ತಂದೆಯ ಲಾಂಛನ ತಾನಾಗಿ ಬರುವುದಿಲ್ಲ. ರಾಜಾಜ್ಞೆ ಪಡೆದು, ಗುರಾಣಿಯ ಸುತ್ತ ಅಲೆಅಲೆಯ ಅಂಚಿನಂಥ ಗುರುತು ಸೇರಿಸಿಕೊಂಡು ಬಳಸಿದವರಿದ್ದಾರೆ. ಅದಕ್ಕೂ ಮೊದಲು ತಂದೆಯ ಹಕ್ಕು ಸಾಬೀತಾಗಬೇಕು. ಇಲ್ಲಿ ಆ ಕೊಂಡಿಯೇ ಇಲ್ಲ.

ಇದನ್ನು ನಾನು ಮೊದಲು ಆಂಟಿಗೆ ಹೇಳಿದೆ. ಎದುರಿಗೆ ಕೂತು, ಯಾವುದನ್ನೂ ಮುಚ್ಚಿಡದೆ ಹೇಳಿದೆ. ಹುಡುಗನಿಗೆ ಹೇಳುವುದೋ ಬೇಡವೋ ಎಂದು ತೀರ್ಮಾನಿಸುವುದು ಅವರಿಗೆ ಬಿಟ್ಟದ್ದು ಎಂದೆ. ಇಂಥ ಕೆಲಸದಲ್ಲಿ ಸಿಕ್ಕ ಸುದ್ದಿಯನ್ನು ಯಾರ ಕೈಗೆ ಮೊದಲು ಕೊಡಬೇಕು ಎಂದು ಶುರುವಿನಲ್ಲೇ ಮನೆಯವರೊಂದಿಗೆ ಮಾತಾಡಿಕೊಂಡಿರಬೇಕು. ನಾವು ಮಾತಾಡಿಕೊಂಡಿದ್ದೆವು, ಅದರಿಂದ ಬಹಳ ಅನುಕೂಲವಾಯಿತು. ಆಂಟಿ ಅದೇ ಸಂಜೆ ಫೋನ್ ಮಾಡಿ ತಾವೇ ಹೇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ್ದು ಒಂದೇ: ಆ ತಾಯಿಯ ಹೆಸರನ್ನು ಹೇಗೆ ಉಚ್ಚರಿಸಬೇಕು?

ಆದ ತೀರ್ಮಾನ

ಸಮಾಧಿಗೆ ಲಾಂಛನ ಬೇಡ ಎಂದು ತೀರ್ಮಾನವಾಯಿತು. ಕಾನೂನಿಗೆ ಹೆದರಿ ಹಾಗೆ ಮಾಡಿದ್ದಲ್ಲ. ಬೆಂಗಳೂರಿನ ಸಮಾಧಿಯೊಂದರ ಮೇಲೆ ಹಕ್ಕಿತಲೆ ಕೆತ್ತಿದರೆ ಲಂಡನ್ನಿನಿಂದ ಯಾರೂ ಕೇಳಲು ಬರುವುದಿಲ್ಲ. ಆಂಟಿಯ ಮಾತು ಬೇರೆಯೇ ಇತ್ತು: "ಆ ಗುರಾಣಿಯಲ್ಲಿ ಅಳಿಯನಿಗೆ ಜಾಗ ಇದೆ, ಮಗಳಿಗೆ ಜಾಗ ಇದೆ. ನಮ್ಮನ್ನ ಹೆತ್ತವಳಿಗೆ ಇಲ್ಲ. ಅದನ್ನ ನನ್ನ ಅಣ್ಣನ ತಲೆಯ ಹತ್ರ ಯಾಕೆ ಇಡಲಿ?" ನನಗೂ ಅದೇ ಸರಿ ಅನ್ನಿಸಿತು. ಲಾಂಛನಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ. ಆದರೆ ಅವು ದಾಖಲಿಸುವುದು ಒಪ್ಪಿಗೆ ಪಡೆದ ಮದುವೆಗಳನ್ನು, ಗಂಡು ಮಕ್ಕಳ ಕ್ರಮವನ್ನು. ಯಾವ ಚಿಹ್ನೆ ಇದೆ ಎಂದು ನೋಡುವಷ್ಟೇ ಗಮನವಿಟ್ಟು ಯಾರ ಚಿಹ್ನೆ ಇಲ್ಲ ಎಂದೂ ನೋಡಬೇಕಾಗುತ್ತದೆ, ಅದರಲ್ಲೂ ಭಾರತದಲ್ಲಿ ಉಳಿದ ಕುಟುಂಬಗಳ ವಿಷಯದಲ್ಲಿ.

ಕಲ್ಲಿನ ಮೇಲೆ ಶಿಲುಬೆ, ಹೆಸರು, ಇಸವಿ ಬಂದವು. ಮನೆಯ ಬೈಬಲ್ಲಿನ ವಂಶಾವಳಿಯಲ್ಲಿ ಮೊದಲ ಸಾಲಿಗೆ ಆ ತಾಯಿಯ ಹೆಸರು ಸೇರಿತು, ಉಯಿಲಿನಲ್ಲಿ ಇದ್ದ ಕಾಗುಣಿತದಲ್ಲೇ. ಹುಡುಗನಿಗೆ ಇನ್ನೂ ಒಂದು ದಾರಿ ತೆರೆದಿದೆ. ಆಸ್ಟ್ರೇಲಿಯಾದ ಪ್ರಜೆಯಾಗಿ ಅವನು ತನ್ನ ಹೆಸರಿನಲ್ಲೇ ಹೊಸ ಲಾಂಛನಕ್ಕೆ ಅರ್ಜಿ ಹಾಕಬಹುದು. ಅದರಲ್ಲಿ ಆ ಮೂಲ ತಾಯಿಯ ಕಡೆಯ ಗುರುತನ್ನೂ ಕೇಳಬಹುದು. ಖರ್ಚು ಸಣ್ಣದಲ್ಲ, ಯೋಚಿಸುತ್ತಿದ್ದಾನೆ.

ವರ್ಷದ ಪ್ರಾರ್ಥನೆಗೆ ಬಂದಾಗ ಮೊಹರನ್ನು ಪರ್ತ್‌ಗೆ ಒಯ್ಯಬೇಕು ಅಂದುಕೊಂಡಿದ್ದ. ನೂರು ವರ್ಷಕ್ಕಿಂತ ಹಳೆಯದಾದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಲು 1972ರ ಪ್ರಾಚೀನ ವಸ್ತುಗಳ ಕಾಯ್ದೆ ಬಿಡುವುದಿಲ್ಲ ಎಂದು ನೆನಪಿಸಿದೆ. ಮೊಹರು ಆಂಟಿಯ ಬಳಿ ಉಳಿಯಿತು. ಅವನಿಗಾಗಿ ಅರಗಿನ ಮುದ್ರೆ ಒತ್ತಿ, ಸಣ್ಣ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆವು. ಜೊತೆಗೆ ಒಂದು ಹಾಳೆ ಬರೆದಿದ್ದೇವೆ: ಯಾವ ಸಂಗತಿಗೆ ದಾಖಲೆ ಇದೆ, ಅದು ಎಲ್ಲಿದೆ, ಯಾವುದು ಮನೆಯವರ ಬಾಯಿಮಾತು, ಯಾವುದು ನಮ್ಮ ಊಹೆ. ಮೂರನ್ನೂ ಬೇರೆಬೇರೆ ಅಂಕಣದಲ್ಲಿ ಬರೆದು ಮೂವರೂ ಸಹಿ ಹಾಕಿದ್ದೇವೆ. ಮುಂದೆ ಹೊಸ ಕಾಗದ ಸಿಕ್ಕರೆ ಬರೆಯಲಿ ಎಂದು ನಾಲ್ಕನೇ ಅಂಕಣವನ್ನು ಖಾಲಿ ಬಿಟ್ಟಿದ್ದೇವೆ.